ಲೀಸ್ ಪತ್ರದಲ್ಲಿ ‘ಡಿಮೈಸ್’ ಕಂಡರೆ ಹೆದರಬೇಡಿ

ಮುಂಬೈಯ ಫೋರ್ಟ್‌ನಲ್ಲಿರುವ ನನ್ನ ಆಫೀಸಿಗೆ ಬರುವ ನಮ್ಮ ಹೋಟೆಲಿನವರಲ್ಲಿ ಕೆಲವರು ಹಳೇ ಲೀಸ್ ಪತ್ರ ಬಿಡಿಸಿ ಒಂದೇ ಕಡೆ ಬೆರಳಿಡುತ್ತಾರೆ: ‘ಡಿಮೈಸ್ಡ್ ಪ್ರಿಮೈಸಸ್’. “ಡಿಮೈಸ್ ಅಂದ್ರೆ ಸಾವು ಅಲ್ವಾ ವಕೀಲ್ರೇ? ಈ ಜಾಗದಲ್ಲಿ ಯಾರಾದ್ರೂ ಸತ್ತಿದ್ದಾರಾ?”

ಯಾರೂ ಸತ್ತಿಲ್ಲ. ‘ಡಿಮೈಸ್ಡ್ ಪ್ರಿಮೈಸಸ್’ ಅಂದರೆ ಲೀಸಿಗೆ ಕೊಟ್ಟ ಜಾಗ, ಅಷ್ಟೇ. ಈ ಪದ ಹುಟ್ಟಿದ್ದೇ ಆಸ್ತಿ ವ್ಯವಹಾರದಲ್ಲಿ. ಹಳೇ ಫ್ರೆಂಚಿನಲ್ಲಿ ಬಿಟ್ಟುಕೊಡುವುದು, ಕಳಿಸಿಬಿಡುವುದು ಎಂಬ ಅರ್ಥವಿದ್ದ ಮಾತು ಇಂಗ್ಲೆಂಡಿನ ವಕೀಲರ ಬಾಯಿಗೆ ಬಂತು. ಜಮೀನನ್ನು ಗೇಣಿಗೋ ಉಯಿಲಿನಲ್ಲೋ ಇನ್ನೊಬ್ಬರಿಗೆ ದಾಟಿಸಿದರೆ ಅದು ಡಿಮೈಸ್. ರಾಜ ಸತ್ತ ಕ್ಷಣವೇ ಕಿರೀಟ ವಾರಸುದಾರನಿಗೆ ದಾಟುತ್ತದಲ್ಲ, ಅದೂ ಡಿಮೈಸ್. ರಾಜನ ಸಾವು, ಕಿರೀಟ ದಾಟುವುದು ಎರಡೂ ಒಟ್ಟೊಟ್ಟಿಗೆ ಆಗುತ್ತಿದ್ದದ್ದರಿಂದ 18ನೇ ಶತಮಾನದ ಹೊತ್ತಿಗೆ ಸಾವಿಗೇ ಆ ಹೆಸರು ಅಂಟಿಕೊಂಡಿತು. ಪೇಪರಿನವರು ಈಗ ಬಳಸುವುದು ಈ ಅಂಟಿಕೊಂಡ ಅರ್ಥವನ್ನೇ.

ಹಳೇ ಅರ್ಥ ಮಾತ್ರ ಸಾಯಲಿಲ್ಲ. 1936ರಲ್ಲಿ ಎಂಟನೇ ಎಡ್ವರ್ಡ್ ಸಿಂಹಾಸನ ಬಿಟ್ಟಾಗ ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆ ಅದನ್ನು ‘ಕಿರೀಟದ ಡಿಮೈಸ್’ ಎಂದೇ ಕರೆಯಿತು. ಆಸಾಮಿ ಗಟ್ಟಿಮುಟ್ಟಾಗಿದ್ದ, ತೀರಿಕೊಂಡದ್ದು 1972ರಲ್ಲಿ! ಬಂದರಿನ ಕಡೆ ಕೆಲಸ ಮಾಡುವವರಿಗೂ ಇದು ಗೊತ್ತು: ಸಿಬ್ಬಂದಿ ಇಲ್ಲದೆ ಬರೀ ಹಡಗನ್ನೇ ಬಾಡಿಗೆಗೆ ಒಪ್ಪಿಸಿದರೆ ಅದು ಡಿಮೈಸ್ ಚಾರ್ಟರ್.

ನಿಮ್ಮ ಪತ್ರದಲ್ಲಿ ಈ ಪದ ಇದ್ದರೆ ಸುಮ್ನೆ ಖುಷಿಪಡಿ. ಜಾಗದ ಮೇಲೆ ನಿಮಗೆ ಹಕ್ಕು ಬಂದಿದೆ ಎಂದು ಓನರ್ ಒಪ್ಪಿದ ಹಾಗೆ. ನನಗೆ ಚಿಂತೆ ಆಗುವುದು ಅದರ ಮುಂದೆ ‘ಅಲ್ಲ’ ಸೇರಿದಾಗ. ಜಾಗ ಬಳಸಲು ಬರೀ ಅನುಮತಿ ಕೊಡುವ ಲೀವ್ ಆ್ಯಂಡ್ ಲೈಸೆನ್ಸ್ ಪತ್ರಗಳಲ್ಲಿ ‘ಇದು ಲೀಸ್ ಅಲ್ಲ, ಡಿಮೈಸ್ ಅಲ್ಲ’ ಎಂಬ ಸಾಲು ಜಾಸ್ತಿ ಕಾಣುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಕಲಮಿನ ಪ್ರಕಾರ ಲೀಸ್ ಎಂದರೆ ಜಾಗವನ್ನು ಅನುಭವಿಸುವ ಹಕ್ಕೇ ಕೈ ಬದಲಾಯಿಸುವುದು. ಲೈಸೆನ್ಸ್ ಬರೀ ಅನುಮತಿ. ಅದು ಬರುವುದು ಈಸ್‌ಮೆಂಟ್ ಕಾಯ್ದೆಯ 52ನೇ ಕಲಮಿನಲ್ಲಿ. ಎರಡೂ 1882ರ ಕಾಯ್ದೆಗಳು.

ಹಾಗಂತ ಆ ಸಾಲೊಂದೇ ಕೊನೆಯ ಮಾತಲ್ಲ. ದೆಹಲಿಯ ಹೋಟೆಲೊಂದರ ಒಳಗೆ ಕ್ಷೌರದಂಗಡಿ ಇಟ್ಟವರ ಕೇಸಿನಲ್ಲಿ ಪತ್ರ ‘ಲೈಸೆನ್ಸ್’ ಎನ್ನುತ್ತಿತ್ತು. ಸುಪ್ರೀಂ ಕೋರ್ಟ್ 1959ರಲ್ಲಿ ಅದನ್ನು ಲೀಸ್ ಎಂದಿತು. ಜಾಗ ನಿಜವಾಗಿ ಯಾರ ವಶದಲ್ಲಿದೆ, ಇಬ್ಬರ ಉದ್ದೇಶ ಏನಿತ್ತು ಎನ್ನುವುದನ್ನು ಕೋರ್ಟು ನೋಡುತ್ತದೆ. ಕಂಡಕ್ಟಿಂಗ್ ಮೇಲೆ, ಅಂದರೆ ಇನ್ನೊಬ್ಬರ ಹೋಟೆಲನ್ನು ತಾವು ನಡೆಸುವ ಕರಾರಿನ ಮೇಲೆ, ಹೋಟೆಲ್ ತಗೊಳ್ಳುವವರು ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ಪತ್ರದಲ್ಲಿ ಬರೆಸಿಕೊಳ್ಳಿ.