ಬರ್ನರನ್ನು ಬೈಯುವ ಮೊದಲು ಬೋಲ್ಟ್ ನೋಡಿ

ಗ್ಯಾಸ್ ಉರಿಸಿ ವಿದ್ಯುತ್ ಮಾಡುವ ಪುಟ್ಟ ಸಾಧನ: ಅಂಗೈಯಗಲದ ಬರ್ನರ್, ಅದಕ್ಕೆ ಅಂಟಿದ ಬಿಸಿ ಫಲಕ, ಮೇಲೆ 40 ಮಿ.ಮೀ. ಚೌಕದ ಥರ್ಮೋಎಲೆಕ್ಟ್ರಿಕ್ ಮಾಡ್ಯೂಲ್ (ಎರಡು ಬದಿಯ ಬಿಸಿಯ ವ್ಯತ್ಯಾಸದಿಂದ ವಿದ್ಯುತ್ ಕೊಡುವ ಬಿಲ್ಲೆ), ಅದರ ಮೇಲೆ ನೀರು ಹರಿಯುವ ತಂಪು ಫಲಕ. ಗಂಟೆಗೆ ಸುಮಾರು 8 ಗ್ರಾಂ ಬ್ಯೂಟೇನ್ ಉರಿದರೆ 100 ವ್ಯಾಟ್ ಶಾಖ. ಕಾಗದದ ಮೇಲೆ 4 ವ್ಯಾಟ್ ವಿದ್ಯುತ್ ಬರಬೇಕಿತ್ತು, ಬಂದದ್ದು ಎರಡೂವರೆ. ಅಲ್ಲಿಂದ ಶುರು: ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಮಾಡ್ಯೂಲ್ ಕಳಪೆ, ಇನ್ನಷ್ಟು ಗ್ಯಾಸ್ ಬಿಡಿ. ಇರಬಹುದು, ಇಲ್ಲವೆನ್ನಲಾರೆ. ಆದರೆ ಮೊದಲು ಅನುಮಾನಿಸಬೇಕಾದ್ದು ಇವೆಲ್ಲವನ್ನೂ ಹಿಡಿದಿಟ್ಟಿರುವ ಚೌಕಟ್ಟನ್ನು.

ಸಿಮ್ಯುಲೇಶನ್‌ನಲ್ಲಿ ಹೊರಗೋಡೆಯ ಶಾಖನಷ್ಟಕ್ಕೆ ಸೊನ್ನೆ ಕೊಟ್ಟು, ಆಮೇಲೆ ಪ್ರಯೋಗವೇ ತಪ್ಪು ಎನ್ನುವವರಿಗೆ ಏನು ಹೇಳುವುದು? ಇಷ್ಟು ಚಿಕ್ಕ ಸಾಧನದಲ್ಲಿ ಒಳಗಿನ ಗಾತ್ರಕ್ಕೆ ಹೋಲಿಸಿದರೆ ಶಾಖ ಬಿಡುವ ಹೊರಮೈ ಜಾಸ್ತಿ. 500 ಡಿಗ್ರಿಗೆ ಕಾದು ಕಪ್ಪುಗಟ್ಟಿದ ಉಕ್ಕು ವಿಕಿರಣವೊಂದರಿಂದಲೇ ಪ್ರತಿ ಚದರ ಸೆಂ.ಮೀ.ಗೆ ಒಂದೂವರೆ ವ್ಯಾಟ್ ಬಿಟ್ಟುಕೊಡುತ್ತದೆ.

ಇನ್ನು ಬೋಲ್ಟ್. ಎರಡು ಫಲಕಗಳನ್ನು ಬಿಗಿಯಲು ನಾಲ್ಕು ಎಂ4 (4 ಮಿ.ಮೀ. ದಪ್ಪದ) ಬೋಲ್ಟ್, ಸಾಧಾರಣ ಉಕ್ಕಿನವು, ತಲೆಯಿಂದ ನಟ್‌ವರೆಗೆ 20 ಮಿ.ಮೀ. ಎರಡು ತುದಿಗಳ ನಡುವೆ 200 ಡಿಗ್ರಿ ವ್ಯತ್ಯಾಸವಿದ್ದರೆ ಒಂದೊಂದರಲ್ಲೂ ಸುಮಾರು 4 ವ್ಯಾಟ್ ಹಾಯುತ್ತದೆ, ಒಟ್ಟು 16. ಇಂಧನದ ಆರನೇ ಒಂದು ಪಾಲು ಮಾಡ್ಯೂಲನ್ನು ಮುಟ್ಟದೆ ನೇರ ನೀರಿಗೆ! ಸ್ಟೇನ್‌ಲೆಸ್ ಹಾಕಿದರೆ ಮೂರನೇ ಒಂದಕ್ಕೆ ಇಳಿಯುತ್ತದೆ. ಆದರೆ ಅದು ಕಾದಾಗ ಹೆಚ್ಚು ಹಿಗ್ಗುತ್ತದೆ, ಬಿಗಿತ ಸಡಿಲಾಗುತ್ತದೆ, ಫಲಕ ಸರಿಯಾಗಿ ತಾಗದೆ ಮಾಡ್ಯೂಲೇ ಸತ್ತಂತೆ ಕಾಣುತ್ತದೆ. ಬಿಗಿತ ಬಿಡದಂತೆ ಒತ್ತಿಹಿಡಿಯುವ ಬಟ್ಟಲಾಕಾರದ ಸ್ಪ್ರಿಂಗ್ ವಾಷರ್, ಅಂದರೆ ಬೆಲ್‌ವಿಲ್ ವಾಷರ್, ಮರೆಯಬೇಡಿ. ಶಾಖ ತಡೆಯಲು ತಂಪು ಬದಿಯಲ್ಲಿ ಸೆರಾಮಿಕ್ ವಾಷರ್ ಕೂಡ.

ನಷ್ಟವನ್ನು ಊಹಿಸಬೇಡಿ, ಅಳೆಯಿರಿ. ಬರ್ನರ್ ಗೂಡಿನಲ್ಲಿ ಕಾರ್ಟ್ರಿಜ್ ಹೀಟರ್ (ಕಡ್ಡಿಯಂಥ ವಿದ್ಯುತ್ ಹೀಟರ್) ಕೂರಿಸಿ, ಗಾಳಿ ಎಳೆಯದಂತೆ ಹೊಗೆದಾರಿ ಮುಚ್ಚಿ, ಮಾಡ್ಯೂಲ್ ಜಾಗದಲ್ಲಿ ಅಷ್ಟೇ ದಪ್ಪದ ಗಟ್ಟಿ ಸೆರಾಮಿಕ್ ಫೈಬರ್ ಬೋರ್ಡ್ ಇಡಿ. ಬಿಸಿ ಫಲಕ 100, 150, 200, 250 ಡಿಗ್ರಿಯಲ್ಲಿ ನಿಲ್ಲಲು ಬೇಕಾದ ವೋಲ್ಟ್ ಮತ್ತು ಆಂಪಿಯರ್ ಗುಣಿಸಿ ಬರೆದುಕೊಳ್ಳಿ; ನಷ್ಟದ ಲೆಕ್ಕ ಆ ವ್ಯಾಟಿನಿಂದಲೇ. ಹತ್ತು ನಿಮಿಷದಲ್ಲಿ ಒಂದು ಡಿಗ್ರಿಗಿಂತ ಹೆಚ್ಚು ಸರಿದರೆ ಅದು ನಿಂತಂತಲ್ಲ. ಬೋರ್ಡ್ ಮೂಲಕ ಹಾಯುವ ಶಾಖವನ್ನು ಕಳೆಯಲೇಬೇಕು, 4 ಮಿ.ಮೀ. ದಪ್ಪಕ್ಕೆ ಅದೇ ಆರು ವ್ಯಾಟ್ ಆದೀತು. ಉರಿಯಿದ್ದಾಗ ಬಿಸಿ ಒಂದೇ ಕಡೆ ಕಟ್ಟಿಕೊಳ್ಳುವುದರಿಂದ ಇದೂ ಅಂದಾಜೇ, ಆದರೆ ಸೊನ್ನೆಗಿಂತ ಸಾವಿರ ಪಾಲು ವಾಸಿ.

ಕೊನೆಗೆ ನೀರು. ಒಳಬರುವ ಮತ್ತು ಹೊರಹೋಗುವ ನೀರಿನ ಬಿಸಿಯ ವ್ಯತ್ಯಾಸದಿಂದಲೇ ತಂಪು ಫಲಕಕ್ಕೆ ಬಂದ ಶಾಖದ ಲೆಕ್ಕ ಸಿಗುವುದು. ಫಲಕ ತಂಪಾಗಿರಲೆಂದು ನಿಮಿಷಕ್ಕೆ ಅರ್ಧ ಲೀಟರ್ ಬಿಡುತ್ತಾರೆ. 60 ವ್ಯಾಟ್ ಶಾಖ ಅಷ್ಟು ನೀರನ್ನು ಬೆಚ್ಚಗೆ ಮಾಡುವುದು 1.7 ಡಿಗ್ರಿ ಮಾತ್ರ. ಕೆ-ಮಾದರಿ ಥರ್ಮೋಕಪಲ್ಲಿನ (ಬಿಸಿ ಅಳೆಯುವ ತಂತಿಜೋಡಿಯ) ಒಂದನೇ ದರ್ಜೆಯ ತಪ್ಪಿನ ಮಿತಿಯೇ ಒಂದೂವರೆ ಡಿಗ್ರಿ, ನೀವು ಇಟ್ಟಿರುವುದು ಅಂಥವು ಎರಡು. ಹರಿವನ್ನು 100 ಮಿ.ಲೀ.ಗೆ ಇಳಿಸಿದರೆ ಎಂಟೂವರೆ ಡಿಗ್ರಿ ಸಿಗುತ್ತದೆ. ಉರಿ ಹಚ್ಚುವ ಮುನ್ನ ಬರೀ ನೀರು ಹರಿಸಿ, ಎರಡರ ನಡುವಿನ ವ್ಯತ್ಯಾಸ ಬರೆದಿಟ್ಟು, ಮುಂದಿನ ಪ್ರತಿ ಅಳತೆಯಿಂದಲೂ ಅದನ್ನು ಕಳೆಯಿರಿ.