ಲೈವ್ ಆಲ್ಬಮ್ ಅಂದ್ರೆ ಏನು: ಗ್ರೋಬ್‌ಶ್ನಿಟ್ ಕೇಳ್ಕೊಂಡು ಅರ್ಥ ಮಾಡ್ಕೊಳ್ಳೋಣ

ಲೈವ್ ಅಂದ ತಕ್ಷಣ ನಮಗೆ ನೆನಪಾಗೋದು ಟಿವಿಲಿ ಬರೋ ನೇರಪ್ರಸಾರ, ಅಂದ್ರೆ ಈಗ ನಡೀತಿರೋದನ್ನ ಈಗ್ಲೇ ನೋಡೋದು. ಲೈವ್ ಆಲ್ಬಮ್‌ನಲ್ಲಿ ಬರೋ ಲೈವ್ ಅದಲ್ಲ. ಯಾವತ್ತೋ ಒಂದಿನ ಜನರ ಮುಂದೆ ನುಡಿಸಿದ್ದನ್ನ ಅಲ್ಲೇ ರೆಕಾರ್ಡ್ ಮಾಡಿ ಆಮೇಲೆ ಆಲ್ಬಮ್ ಆಗಿ ತರೋದು, ಅಷ್ಟೇ. ಸ್ಟುಡಿಯೋದಲ್ಲಾದ್ರೆ ಇವತ್ತು ಡ್ರಮ್ಸ್, ನಾಳೆ ಗಿಟಾರ್, ನಾಡಿದ್ದು ಹಾಡು ಅಂತ ಬಿಡಿಬಿಡಿಯಾಗಿ ಮಾಡ್ಬಹುದು, ತಪ್ಪಿದ್ರೆ ಇನ್ನೊಂದ್ ಸಲ ನುಡಿಸ್ಬಹುದು, ಸ್ಟೇಜ್ ಮೇಲೆ ಆ ಅವಕಾಶ ಇಲ್ಲ, ಕೈ ಜಾರಿದ್ರೆ ಜಾರಿದ್ದೇ.

ಆದ್ರೆ ಇಷ್ಟು ಹೇಳಿದ್ರೆ ಅರ್ಧ ಮಾತ್ರ ಹೇಳ್ದಂಗೆ. ಸ್ಟುಡಿಯೋದಲ್ಲಿ ಮಾಡಿದ್ದೇ ಹಾಡುಗಳನ್ನ ಚಪ್ಪಾಳೆ ಸೇರಿಸಿ ಮತ್ತೆ ಕೊಡೋದು ಲೈವ್ ಆಲ್ಬಮ್ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ, ಜರ್ಮನಿಯ ಗ್ರೋಬ್‌ಶ್ನಿಟ್ ಬ್ಯಾಂಡಿನ 'ಸೋಲಾರ್ ಮ್ಯೂಸಿಕ್ ಲೈವ್' ಕೇಳೋವರೆಗೆ.

ಇವರು ಆಗಿನ ಪಶ್ಚಿಮ ಜರ್ಮನಿಯ ಹಾಗನ್ ಊರಿನವರು, 1970ರ ಆಸುಪಾಸಲ್ಲಿ ಶುರು ಮಾಡಿದವರು. ಎಲ್ರಿಗೂ ಸ್ಟೇಜ್ ಹೆಸರು ಬೇರೆ: ಡ್ರಮ್ಸ್ ಬಾರಿಸೋ ಯೋಆಖಿಮ್ ಏರಿಗ್ 'ಏರೋಕ್', ಗಿಟಾರಿನ ಗೆರ್ಡ್ ಓಟ್ಟೋ ಕ್ಯೂನ್ 'ಲೂಪೋ', ಹಾಡೋ ಸ್ಟೆಫಾನ್ ಡಾನಿಯೆಲಾಕ್ 'ವಿಲ್ಡ್‌ಶ್ವೈನ್', ಅಂದ್ರೆ ಕಾಡುಹಂದಿ! ಕೀಬೋರ್ಡಿನ ಫೋಲ್ಕರ್ ಕಾರ್ಸ್‌ಗೆ 'ಮಿಸ್ಟ್', ಜರ್ಮನ್‌ನಲ್ಲಿ ಹಾಗಂದ್ರೆ ಸಗಣಿ ಗೊಬ್ಬರ. ಶೋಗಳು ಗಂಟೆಗಟ್ಲೆ ನಡೀತಿದ್ವು, ಬೆಂಕಿ, ಹೊಗೆ, ನಡುನಡುವೆ ವೇಷ ಹಾಕ್ಕೊಂಡು ತಮಾಷೆ.

'ಸೋಲಾರ್ ಮ್ಯೂಸಿಕ್' ಅನ್ನೋ ಒಂದೇ ಕೃತಿ 1974ರ 'ಬಾಲರ್‌ಮನ್' ಅನ್ನೋ ಡಬಲ್ ಆಲ್ಬಮ್‌ನಲ್ಲಿ, ಅಂದ್ರೆ ಎರಡು ಗ್ರಾಮಫೋನ್ ತಟ್ಟೆ ಇರೋ ಆಲ್ಬಮ್‌ನಲ್ಲಿ, ಎರಡನೇ ತಟ್ಟೆಯ ಎರಡೂ ಬದಿ ತುಂಬಿತ್ತು, ಸುಮಾರು ಅರ್ಧ ಗಂಟೆ. ಅದು ಸ್ಟುಡಿಯೋದ್ದು. ಆಮೇಲೆ ನಾಲ್ಕು ವರ್ಷ ಅದನ್ನೇ ಊರೂರಲ್ಲಿ ನುಡಿಸ್ತಾ ಹೋದ್ರು, ಕೆಲವು ಭಾಗ ಬಿಟ್ರು, ಹೊಸದು ಸೇರ್ತು, ಗಿಟಾರ್ ಸೋಲೋ ಉದ್ದ ಆಯ್ತು. 1978ರಲ್ಲಿ ರೂರ್ ನದಿ ದಡದ ಮ್ಯೂಲ್‌ಹೈಮ್ ಊರಲ್ಲಿ ರೆಕಾರ್ಡ್ ಆಗಿದ್ದು ಈ ಲೈವ್ ಆಲ್ಬಮ್, ಅಷ್ಟೊತ್ತಿಗೆ ಅದೇ ಕೃತಿ ಸುಮಾರು 50 ನಿಮಿಷಕ್ಕೆ ಬೆಳೆದಿತ್ತು. ಅದ್ರೊಳಗಿನ ಒಂದು ಭಾಗದ ಹೆಸರೇ 'ಮ್ಯೂಲ್‌ಹೈಮ್ ಸ್ಪೆಷಲ್'. ಊರಿನ ಹೆಸರು ಹಾಡಿನೊಳಗೇ ಬಂದ್ಬಿಟ್ಟಿದೆ ನೋಡಿ! ಇನ್ನೊಂದು ಭಾಗ 'ಗೋಲ್ಡನ್ ಮಿಸ್ಟ್', ಅಲ್ಲಿರೋದು ಕೀಬೋರ್ಡಿನವರ ಸ್ಟೇಜ್ ಹೆಸರು.

ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಲೂಪೋ ಒಂದು ಸಣ್ಣ ಎಳೆ ಹಿಡ್ಕೊಂಡು ಅದನ್ನ ಬಿಡದೆ ತಿರುಗಿಸ್ತಾ ತಿರುಗಿಸ್ತಾ ಮೇಲಕ್ಕೆ ಒಯ್ತಾರೆ, ಕೆಳಗೆ ಡ್ರಮ್ಸ್ ಒಂದೇ ಹದದಲ್ಲಿ ನಡೀತಿರತ್ತೆ, ನಿಮಿಷಗಟ್ಲೆ ಬೇರೆ ಏನೂ ಆಗಲ್ಲ, ಆದ್ರೂ ಎದ್ದು ಹೋಗೋಕೆ ಮನಸ್ಸು ಬರಲ್ಲ. ಇಷ್ಟೊಂದು ತಾಳ್ಮೆ ಜನ ಎದುರಿಗೆ ಕೂತು ಕೇಳ್ತಿದ್ದಾಗ್ಲೇ ಬರೋದು ಅಂತ ನನಗನ್ಸತ್ತೆ, ಖಾಲಿ ರೂಮಲ್ಲಿ ಗೋಡೆ ನೋಡ್ಕೊಂಡು ಇದನ್ನ ನುಡಿಸೋಕಾಗಲ್ಲ.

ಒಂದು ಕಷ್ಟ ಅಂದ್ರೆ ವಿನೈಲ್ ತಟ್ಟೆಯ ಒಂದು ಬದಿಗೆ ಹಿಡಿಯೋದು ಇಪ್ಪತ್ತು, ಇಪ್ಪತ್ತೈದು ನಿಮಿಷ. ಹಾಗಾಗಿ ನಿಲ್ಲದೆ ಹರಿಯೋ ಸಂಗೀತವನ್ನ ಮಧ್ಯದಲ್ಲಿ ಕತ್ತರಿಸ್ಲೇಬೇಕಿತ್ತು, ಕೇಳೋರು ಎದ್ದು ತಟ್ಟೆ ತಿರುಗಿಸಿ ಮತ್ತೆ ಮುಳ್ಳು ಇಡ್ಬೇಕಿತ್ತು, ಆ ರಾತ್ರಿ ಹಾಲ್‌ನಲ್ಲಿ ಕೂತಿದ್ದೋರಿಗೆ ಆ ತೊಂದ್ರೆ ಇರ್ಲಿಲ್ಲ. ಸಿಡಿ ಬಂದ್ಮೇಲೆ ಇದು ತಪ್ತು.

ಇನ್ನೊಂದ್ ಮಾತು, ಲೈವ್ ಅಂತ ಬರೆದಿದ್ದೆಲ್ಲಾ ನೂರಕ್ಕೆ ನೂರು ಲೈವ್ ಅಲ್ಲ. ಟೇಪ್ ಮನೆಗೆ ತಂದ್ಮೇಲೆ ಮಿಕ್ಸಿಂಗ್ ಇರತ್ತೆ, ಅಂದ್ರೆ ಒಂದೊಂದು ವಾದ್ಯದ ಸದ್ದನ್ನ ಹದ ನೋಡಿ ಬೆರೆಸೋದು, ಕೆಲವರು ತಪ್ಪಿದ ಕಡೆ ಹೊಸದಾಗಿ ನುಡಿಸಿ ಸೇರಿಸ್ತಾರೆ, ಅದಕ್ಕೆ ಓವರ್‌ಡಬ್ ಅಂತಾರೆ. ಜರ್ಮನಿಯವರೇ ಆದ ಟ್ಯಾಂಜರಿನ್ ಡ್ರೀಮ್ ಬ್ಯಾಂಡ್ 1975ರಲ್ಲಿ ತಂದ 'ರಿಕೋಷೆ' ಲೈವ್ ಆಲ್ಬಮ್ ಅಂತಲೇ ಹೆಸರಾಗಿದೆ, ಅದ್ರಲ್ಲೂ ಸ್ಟುಡಿಯೋ ಕೆಲಸ ಸೇರಿದೆ. ನನಗೆ ಅದು ಮೋಸ ಅನ್ಸಲ್ಲ, ಆದ್ರೆ ಗೊತ್ತಿದ್ದು ಕೇಳಿದ್ರೆ ಒಳ್ಳೇದು.

ಹೊಸದಾಗಿ ಕೇಳೋರು ಮೊದ್ಲು 'ಬಾಲರ್‌ಮನ್' ಎರಡನೇ ತಟ್ಟೆ ಕೇಳಿ, ಒಂದೆರಡು ದಿನ ಬಿಟ್ಟು ಲೈವ್ ಕೇಳಿ. ಗುರುತು ಸಿಗೋ ಜಾಗ ಬಂದಾಗ ಮುಖ ಅರಳತ್ತೆ.