ಸರಣಿ ಮುಗಿದು ವರ್ಷಗಳಾದ ಮೇಲೆ ಅದೇ ಪಾತ್ರಗಳು ಮತ್ತೆ ಬಂದರೆ ಓದಬೇಕಾ?

ಪ್ರಶ್ನೆ: ನನಗೆ ತುಂಬಾ ಇಷ್ಟವಾಗಿದ್ದ ಫ್ಯಾಂಟಸಿ ಸರಣಿಯೊಂದು ಮುಗಿದು ಬಹಳ ವರ್ಷಗಳಾದವು. ಈಗ ಅದೇ ಲೇಖಕರು ಅದೇ ಪಾತ್ರಗಳನ್ನು ಇಟ್ಟುಕೊಂಡು ಹೊಸ ಪುಸ್ತಕ ಬರೆದಿದ್ದಾರೆ. ಓದೋಕೆ ಆಸೆ, ಆದರೆ ಭಯ. ಹಳೆಯ ಕಥೆಯ ಸವಿಯೇ ಕೆಟ್ಟುಹೋದರೆ? ಓದುವುದಾದರೆ ಹಳೆಯ ಪುಸ್ತಕಗಳನ್ನೆಲ್ಲ ಮೊದಲಿನಿಂದ ಮತ್ತೆ ಓದಬೇಕಾ?

ಉತ್ತರ: ಎರಡನೆಯ ಪ್ರಶ್ನೆ ಸುಲಭ. ಎಲ್ಲವನ್ನೂ ಓದಬೇಕಾಗಿಲ್ಲ. ಎಷ್ಟು ಓದಿದರೆ ಸಾಕು ಅಂತ ಆಮೇಲೆ ಹೇಳುತ್ತೇನೆ. ಮೊದಲನೆಯದಕ್ಕೆ ನನ್ನ ಉತ್ತರ: ಓದಿ. ಆದರೆ ಹೊಸ ಪುಸ್ತಕ ಹಳೆಯದರ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದರ ಮೇಲೆ ಒಂದು ಕಣ್ಣಿಟ್ಟು ಓದಿ. (ಮುಂದೆ ಕೆಲವು ಸರಣಿಗಳ ಕಥೆ ಬಿಟ್ಟುಕೊಡುತ್ತೇನೆ. ಬೇಡ ಅನ್ನುವವರು ಕೊನೆಯ ನಾಲ್ಕೈದು ಪ್ಯಾರಾಗೆ ಹಾರಬಹುದು.)

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಉದ್ದದ ಸರಣಿ ಅಂದರೆ ಆ ಪಾತ್ರಗಳ ಜೊತೆ ವರ್ಷಗಟ್ಟಲೆ ಇದ್ದಿರುತ್ತೇವೆ. ಕೊನೆಯ ಪುಟದಲ್ಲಿ ಅವರನ್ನು ಒಂದು ಜಾಗದಲ್ಲಿ ಬಿಟ್ಟು ಬಂದಿರುತ್ತೇವೆ. ಒಬ್ಬ ಸಿಂಹಾಸನದ ಮೇಲೆ, ಇನ್ನೊಬ್ಬಳು ಮನೆಯ ದಾರಿಯಲ್ಲಿ. ನಮ್ಮ ತಲೆಯಲ್ಲಿ ಅವರು ಅಲ್ಲೇ ಇರುತ್ತಾರೆ, ವಯಸ್ಸೂ ಆಗುವುದಿಲ್ಲ. ಹೊಸ ಪುಸ್ತಕ ಬಂತು ಅಂದರೆ ಅವರು ಅಲ್ಲಿಂದ ಏಳಲೇಬೇಕು. ನೆಮ್ಮದಿಯಾಗಿರುವವರ ಮೇಲೆ ನಾನೂರು ಪುಟ ಬರೆಯೋಕೆ ಆಗಲ್ಲ. ಹಾಗಾಗಿ ಏನೋ ಒಂದು ಕೆಡಲೇಬೇಕು. ನಾವು ಇಷ್ಟಪಟ್ಟ ಮುಕ್ತಾಯಕ್ಕೆ ಲೇಖಕರೇ ಕೈ ಹಾಕಬೇಕು.

ಲೇಖಕರು ಯಾಕೆ ವಾಪಸ್ ಬರುತ್ತಾರೆ? ಎಲ್ಲ ಸಲವೂ ಕಥೆ ಕರೆದದ್ದಕ್ಕೇ ಬರುತ್ತಾರೆ ಅಂದುಕೊಳ್ಳಬೇಡಿ. ಓಝ್ ನಾಡಿನ ಕಥೆಗಳ ಎಲ್. ಫ್ರಾಂಕ್ ಬಾಮ್ 1910ರಲ್ಲಿ, ಆರನೆಯ ಪುಸ್ತಕಕ್ಕೆ ಸರಣಿ ಮುಗಿಸೋಕೆ ಹೊರಟರು. ಓಝ್ ನಾಡನ್ನೇ ಮಂತ್ರದಿಂದ ಕಾಣದಂತೆ ಮಾಡಿ, ಹೊರಗಿನ ಜಗತ್ತಿಗೂ ಅದಕ್ಕೂ ಸಂಪರ್ಕವೇ ಇಲ್ಲ, ಇನ್ನು ಸುದ್ದಿ ಬರಲ್ಲ ಅಂತ ಬರೆದುಬಿಟ್ಟರು. ಮಕ್ಕಳು ಪತ್ರ ಬರೆಯುವುದು ಬಿಡಲಿಲ್ಲ. ಮರುವರ್ಷವೇ ಬಾಮ್ ದಿವಾಳಿಯೂ ಆದರು. 1913ರಲ್ಲಿ ಹೊಸ ಪುಸ್ತಕ ಬಂತು. ಸಂಪರ್ಕ ಇಲ್ಲದ ನಾಡಿನ ಕಥೆ ಇವರಿಗೆ ಗೊತ್ತಾದದ್ದು ಹೇಗೆ? ವೈರ್‌ಲೆಸ್ ಟೆಲಿಗ್ರಾಫ್ ಮೂಲಕ ಅಂತೆ! ಆಗ ಅದು ಹೊಸ ತಂತ್ರಜ್ಞಾನ. ನೆಪ ಎಷ್ಟು ತೆಳ್ಳಗಿದೆ ನೋಡಿ. ಆದರೂ ಮಕ್ಕಳು ಖುಷಿಯಾಗಿ ಒಪ್ಪಿಕೊಂಡರು, ಬಾಮ್ ಬರೆದ ಓಝ್ ಪುಸ್ತಕಗಳು ಹದಿನಾಲ್ಕಾದವು. ಅಂದರೆ ದುಡ್ಡಿಗಾಗಿ ವಾಪಸ್ ಬಂದರು ಅನ್ನುವುದೊಂದೇ ಪುಸ್ತಕ ಕೆಟ್ಟದ್ದು ಅನ್ನೋಕೆ ಸಾಕ್ಷಿ ಅಲ್ಲ.

ಹಾಗಾದರೆ ಅಳೆಯೋದು ಹೇಗೆ? ನಾನು ನೋಡುವುದು ಒಂದೇ ವಿಷಯ. ಮೊದಲ ಸರಣಿಯ ಕೊನೆಯಲ್ಲಿ ಪಾತ್ರಗಳು ಗೆಲುವಿಗೆ ಒಂದು ಬೆಲೆ ಕೊಟ್ಟಿರುತ್ತವೆ. ಒಬ್ಬರು ಶಕ್ತಿ ಕಳೆದುಕೊಂಡಿರುತ್ತಾರೆ, ಇಬ್ಬರು ಶಾಶ್ವತವಾಗಿ ಅಗಲಿರುತ್ತಾರೆ. ಹೊಸ ಪುಸ್ತಕ ಆ ಬೆಲೆಯನ್ನು ಪುಕ್ಕಟೆಯಾಗಿ ವಾಪಸ್ ಕೊಟ್ಟುಬಿಟ್ಟರೆ ಹಳೆಯ ಮುಕ್ತಾಯಕ್ಕೆ ಪೆಟ್ಟು ಬೀಳುತ್ತದೆ. ನಾವು ಅಂದು ಅತ್ತಿದ್ದೇ ದಂಡ ಅನ್ನಿಸುತ್ತದೆ. ಅದರ ಬದಲು ಬೆಲೆಯನ್ನು ಹಾಗೇ ಇಟ್ಟುಕೊಂಡು, ಅದನ್ನು ತೆತ್ತವರು ಮರುದಿನ ಬೆಳಿಗ್ಗೆ ಎದ್ದು ಹೇಗೆ ಬದುಕಿದರು ಅಂತ ಕೇಳಿದರೆ, ಹಳೆಯ ಪುಸ್ತಕ ಇನ್ನಷ್ಟು ಗಟ್ಟಿಯಾಗುತ್ತದೆ.

ಇದಕ್ಕೆ ನನಗೆ ಮೊದಲು ನೆನಪಾಗುವುದು ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ. ಮೊದಲ ಮೂರು ಪುಸ್ತಕಗಳು ಬಂದದ್ದು 1968ರಿಂದ 1972ರ ನಡುವೆ. ಮೂರನೆಯದರ ಕೊನೆಯಲ್ಲಿ ಮಹಾಮಾಂತ್ರಿಕ ಗೆಡ್ ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡಿ ಜಗತ್ತನ್ನು ಉಳಿಸುತ್ತಾನೆ, ಡ್ರಾಗನ್ ಬೆನ್ನೇರಿ ಹಾರಿ ಹೋಗುತ್ತಾನೆ. ಎಂಥ ಭರ್ಜರಿ ಮುಕ್ತಾಯ! ನಾಲ್ಕನೆಯ ಪುಸ್ತಕ ‘ಟೆಹಾನು’ ಬಂದದ್ದು 1990ರಲ್ಲಿ. ಹಾರಿ ಹೋದ ಆ ಡ್ರಾಗನ್ ಇಲ್ಲಿ ಬಂದು ಇಳಿಯುತ್ತದೆ. ಬೆನ್ನ ಮೇಲಿರುವುದು ಸಾಯುವ ಸ್ಥಿತಿಯ ಒಬ್ಬ ಮನುಷ್ಯ. ಅವನನ್ನು ಆರೈಕೆ ಮಾಡುವವಳು ಟೆನಾರ್. ಎರಡನೆಯ ಪುಸ್ತಕದಲ್ಲಿ ಕತ್ತಲ ಗೋರಿಗಳ ಪೂಜಾರಿಣಿಯಾಗಿದ್ದ ಹುಡುಗಿ ಈಗ ನಡುವಯಸ್ಸಿನ ವಿಧವೆ, ರೈತನ ಹೆಂಡತಿಯಾಗಿ ಬಾಳಿದವಳು. ಜೊತೆಗೆ ಬೆಂಕಿಯಲ್ಲಿ ಬೆಂದ ಒಂದು ಪುಟ್ಟ ಹುಡುಗಿಯನ್ನು ಸಾಕಿಕೊಂಡಿದ್ದಾಳೆ.

ಗೆಡ್ ಚೇತರಿಸಿಕೊಳ್ಳುತ್ತಾನೆ, ಆದರೆ ಮಂತ್ರಶಕ್ತಿ ಮರಳುವುದಿಲ್ಲ. ರಾಜನ ದೂತರು ಅವನನ್ನು ಹುಡುಕಿಕೊಂಡು ಬಂದರೆ ನಾಚಿಕೆಯಿಂದ ಬಚ್ಚಿಟ್ಟುಕೊಳ್ಳುತ್ತಾನೆ. ಬೆಟ್ಟ ಹತ್ತಿ ಮೇಕೆ ಕಾಯೋಕೆ ಹೋಗುತ್ತಾನೆ. ಒಂದು ರಾತ್ರಿ ಟೆನಾರಳ ಮನೆಗೆ ದುಷ್ಟರು ನುಗ್ಗಿದಾಗ, ಒಂದು ಕಾಲದಲ್ಲಿ ಒಂದೇ ಮಾತಿಗೆ ಗಾಳಿಯನ್ನು ತಿರುಗಿಸುತ್ತಿದ್ದವನು ಹುಲ್ಲು ಎತ್ತುವ ಕವಲುಗೋಲು ಹಿಡಿದು ಅವರನ್ನು ಎದುರಿಸುತ್ತಾನೆ. ಮಂತ್ರ ಇಲ್ಲ, ಬರೀ ತೋಳು. ಈ ಪುಸ್ತಕ ಆಗ ಎಷ್ಟೋ ಓದುಗರಿಗೆ ಹಿಡಿಸಲಿಲ್ಲ. ಸಾಹಸ ಬೇಕು ಅಂತ ಬಂದವರಿಗೆ ಅಡುಗೆಮನೆ, ಮೇಕೆ, ತೊಳೆಯುವ ಪಾತ್ರೆ ಸಿಕ್ಕರೆ ಸಿಟ್ಟು ಬರದೆ ಇರುತ್ತದಾ? ಆದರೆ ನನ್ನ ಮಟ್ಟಿಗೆ ಮೂರನೆಯ ಪುಸ್ತಕದ ಆ ಹಾರಾಟಕ್ಕೆ ತೂಕ ಬಂದದ್ದೇ ಇಲ್ಲಿ. ಶಕ್ತಿ ಹೋಯಿತು ಅನ್ನುವುದು ಅಲ್ಲಿ ಒಂದು ಸಾಲು. ಇಲ್ಲಿ ಅದು ಒಬ್ಬ ಮನುಷ್ಯನ ಪೂರ್ತಿ ಬದುಕು.

ಅಂದಹಾಗೆ ಆ ಪುಸ್ತಕದ ಉಪಶೀರ್ಷಿಕೆ ‘ಅರ್ಥ್‌ಸೀಯ ಕೊನೆಯ ಪುಸ್ತಕ’ ಅಂತಿತ್ತು. 2001ರಲ್ಲಿ ಇನ್ನೂ ಎರಡು ಬಂದವು. ಕೊನೆಯದು ಅಂತ ಲೇಖಕರು ಹೇಳಿದರೆ ಪೂರ್ತಿ ನಂಬಬೇಡಿ.

ಫಿಲಿಪ್ ಪುಲ್ಮನ್ ಕೂಡ ಇದನ್ನೇ ಮಾಡಿದರು, ಆದರೆ ಬೇರೆ ದಾರಿಯಲ್ಲಿ. ಅವರ ಸರಣಿಯ ನಾಯಕಿ ಲೈರಾಳ ಜಗತ್ತಿನಲ್ಲಿ ಪ್ರತಿ ಮನುಷ್ಯನ ಆತ್ಮವೂ ಪ್ರಾಣಿಯ ರೂಪದಲ್ಲಿ ಹೊರಗೇ ಇರುತ್ತದೆ. ಅದಕ್ಕೆ ಡೀಮನ್ ಅಂತ ಹೆಸರು. 2000ದಲ್ಲಿ ಬಂದ ಪುಸ್ತಕದಲ್ಲಿ ಲೈರಾ ಸತ್ತವರ ನಾಡಿಗೆ ಹೋಗಲು ತನ್ನ ಡೀಮನ್ ಪ್ಯಾನ್‌ನನ್ನು ದಡದಲ್ಲೇ ಬಿಟ್ಟು ದೋಣಿ ಹತ್ತುತ್ತಾಳೆ. ಓದುವಾಗ ಕರುಳು ಹಿಂಡುವ ದೃಶ್ಯ. ಆಮೇಲೆ ಇಬ್ಬರೂ ಸೇರುತ್ತಾರೆ, ಎಲ್ಲ ಸರಿಹೋಯಿತು ಅಂತ ನಾವು ಪುಸ್ತಕ ಮುಚ್ಚಿಡುತ್ತೇವೆ. 2019ರಲ್ಲಿ ಬಂದ ಪುಸ್ತಕದಲ್ಲಿ ಲೈರಾಳಿಗೆ ಇಪ್ಪತ್ತು ವರ್ಷ. ಅವಳಿಗೂ ಪ್ಯಾನ್‌ಗೂ ಮಾತಿಗೆ ಮಾತು ಬೆಳೆಯುತ್ತದೆ, ಕೊನೆಗೆ ಅವನು ಅವಳನ್ನು ಬಿಟ್ಟು ಹೊರಟೇಹೋಗುತ್ತಾನೆ. ದಡದಲ್ಲಿ ಆದ ಗಾಯ ಮಾಯ್ದಿರಲೇ ಇಲ್ಲ. ಅಂದಿನ ಸಾಲಕ್ಕೆ ಇಂದು ಬಡ್ಡಿ ಕಟ್ಟುತ್ತಿದ್ದಾಳೆ. ಈ ಜಗಳ ಓದೋಕೆ ಹಿತವಾಗಿಲ್ಲ, ನಿಜ. ಪ್ರೀತಿಯ ಜೋಡಿ ಒಡೆದದ್ದನ್ನು ಯಾರು ನೋಡಬೇಕು? ಆದರೆ ಮೋಸ ಇಲ್ಲ.

ರಾಬಿನ್ ಹಾಬ್ ಸ್ವಲ್ಪ ಕಷ್ಟದ ಉದಾಹರಣೆ. ಅವರ ಕಥಾನಾಯಕ ಫಿಟ್ಜ್‌ನ ಮೊದಲ ಮೂರು ಪುಸ್ತಕಗಳು 1997ಕ್ಕೆ ಮುಗಿದವು. 2001ರಲ್ಲಿ ಅವನು ಮರಳಿ ಬಂದಾಗ ಕಥೆಯೊಳಗೆ ಹದಿನೈದು ವರ್ಷ ಕಳೆದಿದೆ. ಒಂದು ಗುಡಿಸಲು, ಕೈತೋಟ, ಜೊತೆಗೆ ಮುದಿಯಾಗುತ್ತಿರುವ ತೋಳ. ಹಳೆಯ ಗೆಳೆಯ ಫೂಲ್ ಬಂದು ನಿಂತರೆ ಅವನ ಮೈಬಣ್ಣವೇ ಬದಲಾಗಿದೆ, ಬಿಳುಚಿಕೊಂಡಿದ್ದವನು ಈಗ ಹೊಂಬಣ್ಣ. ಕತ್ತಿ ಹೊರಬರುವ ಮೊದಲು ಹಾಬ್ ಎಷ್ಟೋ ಪುಟಗಳನ್ನು ಬರೀ ಈ ಮನೆವಾಳ್ತೆಗೆ ಕೊಡುತ್ತಾರೆ. ನನಗೆ ಅದೇ ಜಾಸ್ತಿ ಇಷ್ಟ. ಆದರೆ ಆ ಎರಡನೆಯ ಸರಣಿಯ ಕೊನೆಗೆ ಫಿಟ್ಜ್ ಹಿಂದೆ ಕಳೆದುಕೊಂಡದ್ದರಲ್ಲಿ ಒಂದಿಷ್ಟು ಅವನಿಗೆ ಮತ್ತೆ ಸಿಗುತ್ತದೆ. ಹಾಗಾದರೆ ನನ್ನ ಅಳತೆಗೋಲಿನ ಪ್ರಕಾರ ಇದು ತಪ್ಪಲ್ವಾ? ಅರ್ಧ ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ಹಾಬ್ ಅದನ್ನು ಪುಕ್ಕಟೆ ಕೊಡುವುದಿಲ್ಲ. ಅಷ್ಟರಲ್ಲಿ ಹೊಸದಾಗಿ ಬೇರೇನನ್ನೋ ಕಿತ್ತುಕೊಂಡಿರುತ್ತಾರೆ. ಏನು ಅಂತ ನಾನು ಹೇಳಲ್ಲ.

ಪ್ರಯತ್ನಿಸಿ ಕೈಬಿಟ್ಟವರೂ ಇದ್ದಾರೆ. ಟೋಲ್ಕಿನ್ ತಮ್ಮ ಉಂಗುರದ ಕಥೆ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಮುಂದಿನ ಭಾಗ ಶುರು ಮಾಡಿದ್ದರು. ಸುಮಾರು ನೂರು ವರ್ಷದ ನಂತರ, ಶಾಂತಿ ಬೇಸರವಾಗಿ ಹುಡುಗರು ಓರ್ಕ್‌ಗಳ, ಅಂದರೆ ಹಳೆಯ ಕಥೆಯ ದುಷ್ಟ ಜೀವಿಗಳ, ಆಟ ಆಡುವ ಕಾಲ. ಕೆಲವೇ ಪುಟ ಬರೆದು ನಿಲ್ಲಿಸಿದರು. ಇದು ಬರೀ ಒಳಸಂಚು ಪತ್ತೆಹಚ್ಚುವ ಥ್ರಿಲ್ಲರ್ ಆಗುತ್ತದೆ, ಬರೆಯುವಷ್ಟು ಬೆಲೆಯದ್ದಲ್ಲ ಅಂತ ಅವರಿಗೇ ಅನ್ನಿಸಿತ್ತು. ಆ ತುಣುಕು ಅವರು ತೀರಿಕೊಂಡು ಎಷ್ಟೋ ವರ್ಷದ ಮೇಲೆ, 1996ರಲ್ಲಿ ಅಚ್ಚಾಯಿತು.

ಯುದ್ಧ ಮುಗಿದ ಮೇಲೆ ಏನಾಯಿತು ಅನ್ನುವ ಕುತೂಹಲ ಕನ್ನಡದ ಓದುಗರಿಗೆ ಹೊಸದೇನಲ್ಲ, ಬಿಡಿ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನು ತಿಮ್ಮಣ್ಣ ಕವಿ ಬರೆದ. ಗೆದ್ದವರು ಆಮೇಲೆ ಕುದುರೆ ಬಿಟ್ಟು ತಿರುಗಿದ ಕಥೆಯನ್ನು ಲಕ್ಷ್ಮೀಶ ಹೇಳಿದ.

ಈಗ ಓದುವ ವಿಷಯಕ್ಕೆ ಬರೋಣ. ಸರಣಿಯ ಕೊನೆಯ ಪುಸ್ತಕದ ಕೊನೆಯ ಮೂರನೇ ಒಂದು ಭಾಗ ಓದಿದರೆ ಸಾಕು. ಯಾರು ಎಲ್ಲಿ ಉಳಿದರು, ಯಾರು ಯಾರಿಗೆ ಯಾವ ಮಾತು ಕೊಟ್ಟರು ಅನ್ನುವುದು ಅಲ್ಲಿರುತ್ತದೆ. ಹೊಸ ಕಥೆ ಸಾಮಾನ್ಯವಾಗಿ ಹುಟ್ಟುವುದು ಆ ಮಾತುಗಳಿಂದಲೇ. ಊರು, ವಂಶ, ಕತ್ತಿಯ ಹೆಸರುಗಳು ಮರೆತಿದ್ದರೆ ಚಿಂತೆ ಇಲ್ಲ. ಅದನ್ನೆಲ್ಲ ನೆನಪಿಸುವ ಕೆಲಸ ಲೇಖಕರದ್ದು. ಮೊದಲ ಐವತ್ತು ಅರವತ್ತು ಪುಟ ನಿಧಾನ ಅನ್ನಿಸಿದರೆ ಅದಕ್ಕೂ ಇದೇ ಕಾರಣ, ಅಷ್ಟಕ್ಕೇ ಪುಸ್ತಕ ಮುಚ್ಚಬೇಡಿ.

ಇನ್ನೊಂದು ಪರೀಕ್ಷೆ ಇದೆ. ಹೊಸ ಪುಸ್ತಕ ಹಿಡಿಸುತ್ತಿಲ್ಲ ಅನ್ನಿಸಿದಾಗ ಹಳೆಯ ಮೊದಲ ಪುಸ್ತಕ ತೆಗೆದು ಒಂದು ಅಧ್ಯಾಯ ಓದಿ. ಅದು ಇವತ್ತಿಗೂ ಹಿಡಿದು ಕೂರಿಸಿದರೆ ಕೊರತೆ ಹೊಸದರಲ್ಲಿದೆ. ಅದೂ ಸಪ್ಪೆ ಅನ್ನಿಸಿದರೆ ಬದಲಾಗಿರುವುದು ನೀವು. ಹದಿನಾಲ್ಕನೇ ವಯಸ್ಸಿನಲ್ಲಿ ಓದಿದ್ದನ್ನು ಮೂವತ್ತರಲ್ಲಿ ಓದಿದರೆ ಹೀಗಾಗುವುದು ಸಹಜ, ಅದಕ್ಕೆ ಪಾಪ ಹೊಸ ಪುಸ್ತಕವನ್ನು ಬೈದು ಏನು ಪ್ರಯೋಜನ?

ಹಿಂದಿನ ಕಾಲದ ಕಥೆ ಹೇಳುವ ಪುಸ್ತಕ ಆಗಿದ್ದರೆ ಭಯವೇ ಬೇಡ, ನಿಮ್ಮ ಮುಕ್ತಾಯಕ್ಕೆ ಅದು ಕೈ ಹಾಕುವುದಿಲ್ಲ. ನಾಟಕದ ಸ್ಕ್ರಿಪ್ಟ್ ಆಗಿದ್ದರೆ ಕಾದಂಬರಿ ಅಂದುಕೊಂಡು ಕೂರಬೇಡಿ. 2016ರ ಹ್ಯಾರಿ ಪಾಟರ್ ನಾಟಕವನ್ನು ಪುಸ್ತಕವಾಗಿ ಓದಿ ಬೇಸರಪಟ್ಟವರು ಬಹಳ ಮಂದಿ. ಅದು ರಂಗದ ಮೇಲೆ ನೋಡಲು ಬರೆದದ್ದು, ಬರೆದವರೂ ಜ್ಯಾಕ್ ಥಾರ್ನ್ ಎಂಬ ನಾಟಕಕಾರ. ಕಾಲದಲ್ಲಿ ಹಿಂದೆ ಹೋಗಿ ಹಳೆಯ ಘಟನೆಗಳನ್ನೇ ಮತ್ತೆ ತಡಕುವ ಅದರ ಕಥೆ ನನಗಂತೂ ರುಚಿಸಲಿಲ್ಲ.

ನಿಮ್ಮ ಸರಣಿ ಯಾವುದು ಅಂತ ನೀವು ಹೇಳಿಲ್ಲ. ಅದು ಅರ್ಥ್‌ಸೀಯೇ ಆಗಿದ್ದು, ನೀವು ಮೂರನೆಯ ಪುಸ್ತಕಕ್ಕೆ ನಿಂತಿದ್ದರೆ, ‘ಟೆಹಾನು’ ಆದ ಮೇಲೆ ನೇರವಾಗಿ ಕೊನೆಯ ಕಾದಂಬರಿಗೆ ಹೋಗಬೇಡಿ. ನಡುವೆ 2001ರ ಕಥಾಸಂಕಲನ ಇದೆ. ಎಲ್ಲ ಕಥೆ ಓದೋಕೆ ಆಗದಿದ್ದರೂ ಕೊನೆಯ ಕಥೆ ‘ಡ್ರಾಗನ್‌ಫ್ಲೈ’ ಬಿಡಬೇಡಿ. ಕೊನೆಯ ಕಾದಂಬರಿಗೆ ಬಾಗಿಲು ತೆರೆಯುವುದು ಅದೇ.